ಹಳೆಯ ಕಾರುಗಳಲ್ಲಿ ಪೆಟ್ರೋಲ್ ವಾಸನೆಯ ಪತ್ತೆ

ಹಳೆಯ ಕಾರುಗಳಲ್ಲಿ ಪೆಟ್ರೋಲ್ ವಾಸನೆಯ ಪತ್ತೆ ಎಂಬುದು ಕಾರಿನ ಒಳಗೆ ಅಥವಾ ಸುತ್ತಮುತ್ತ ಆಗಾಗ ಕಾಣಿಸಿಕೊಂಡು ಮತ್ತೆ ಮರೆಯಾಗುವ ಪೆಟ್ರೋಲ್ ವಾಸನೆಯ ಮೂಲವನ್ನು ಕ್ರಮಬದ್ಧವಾಗಿ ಗುರುತಿಸುವ ವಿಧಾನವಾಗಿದೆ. ನಿರಂತರವಾಗಿ ಸೋರುವ ಇಂಧನವು ನೆಲದ ಮೇಲೆ ಗುರುತನ್ನು ಬಿಡುವುದರಿಂದ ಅದನ್ನು ಕಂಡುಹಿಡಿಯುವುದು ಸುಲಭ. ಆದರೆ ಟ್ಯಾಂಕ್ ತುಂಬಿದಾಗ ಮಾತ್ರ, ಎಂಜಿನ್ ಬಿಸಿಯಾಗಿ ನಿಂತಾಗ ಮಾತ್ರ ಅಥವಾ ಮುಂಜಾನೆಯ ಚಳಿಯಲ್ಲಿ ಮಾತ್ರ ಬರುವ ವಾಸನೆಯು ಕಾರು ಗ್ಯಾರೇಜಿಗೆ ತಲಪುವಷ್ಟರಲ್ಲಿ ಇಲ್ಲವಾಗಿರುತ್ತದೆ. ಆದ್ದರಿಂದ ಇಂತಹ ದೋಷದ ಪತ್ತೆಯಲ್ಲಿ ವಾಸನೆ "ಎಲ್ಲಿ ಬರುತ್ತದೆ" ಎಂಬುದರಷ್ಟೇ "ಯಾವಾಗ ಬರುತ್ತದೆ" ಎಂಬುದೂ ಮುಖ್ಯವಾಗುತ್ತದೆ.

ಪೆಟ್ರೋಲ್ ಆವಿಯು ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಈ ವಾಸನೆಯನ್ನು ಹಳೆಯ ವಾಹನಗಳ ಸಹಜ ಲಕ್ಷಣವೆಂದು ಕಡೆಗಣಿಸುವುದು ಅಪಾಯಕಾರಿ. ಹನಿಯೊಂದೂ ಕಣ್ಣಿಗೆ ಬೀಳದಿದ್ದರೂ ಎಂಜಿನ್ ಚಾಲನೆಯಲ್ಲಿರುವಾಗ ಒತ್ತಡದಿಂದ ಸೋರುವ ಇಂಧನವು ಬಿಸಿಯಾದ ಎಗ್ಸಾಸ್ಟ್ ಭಾಗಗಳಿಗೆ ತಗುಲಿ ಬೆಂಕಿ ಹತ್ತುವ ಸಾಧ್ಯತೆ ಇರುತ್ತದೆ.

ಪೆಟ್ರೋಲ್ ಆವಿಯ ಗುಣಗಳು

ಪೆಟ್ರೋಲ್ ಒಂದೇ ರಾಸಾಯನಿಕವಲ್ಲ. ಅದು ಸರಿಸುಮಾರು 4ರಿಂದ 12 ಇಂಗಾಲದ ಪರಮಾಣುಗಳಿರುವ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಇವುಗಳಲ್ಲಿ ಹಗುರವಾದವು ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿಯೇ ಆವಿಯಾಗುತ್ತವೆ. ಪೆಟ್ರೋಲಿನ ಜ್ವಲನಾಂಕ, ಅಂದರೆ ಅದರ ಆವಿ ಕಿಡಿಯಿಂದ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ, ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಹೀಗಾಗಿ ಯಾವುದೇ ಋತುವಿನಲ್ಲಿ ತೆರೆದಿಟ್ಟ ಪೆಟ್ರೋಲ್ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತಲೇ ಇರುತ್ತದೆ. ಗಾಳಿಯಲ್ಲಿ ಈ ಆವಿಯ ಪ್ರಮಾಣ ಸುಮಾರು ಶೇ. 1.4ರಿಂದ 7.6ರ ನಡುವೆ ಇದ್ದಾಗ ಅದು ಹೊತ್ತಿಕೊಳ್ಳುತ್ತದೆ.

ಪೆಟ್ರೋಲ್ ಆವಿಯು ಗಾಳಿಗಿಂತ ಸುಮಾರು 3ರಿಂದ 4 ಪಟ್ಟು ಭಾರ. ಆದ್ದರಿಂದ ಅದು ಮೇಲಕ್ಕೇರಿ ಚದುರದೆ ನೆಲದ ಮೇಲೆ ಹರಡುತ್ತದೆ ಮತ್ತು ಗ್ಯಾರೇಜಿನ ಗುಂಡಿ, ನೆಲಮಾಳಿಗೆಯ ಪಾರ್ಕಿಂಗ್, ಡಿಕ್ಕಿಯಲ್ಲಿ ಬದಲಿ ಚಕ್ರವಿಡುವ ತಗ್ಗು ಮೊದಲಾದ ಕಡೆ ಸಂಗ್ರಹವಾಗುತ್ತದೆ. ವಾಸನೆ ಹೆಚ್ಚಾಗಿರುವ ಸ್ಥಳವೇ ಸೋರಿಕೆಯ ಸ್ಥಳವಾಗಿರಬೇಕಿಲ್ಲ ಎಂಬುದಕ್ಕೆ ಇದು ಒಂದು ಕಾರಣ.

ಮನುಷ್ಯನ ಮೂಗು ಪೆಟ್ರೋಲ್ ಆವಿಯನ್ನು ಅತ್ಯಲ್ಪ ಪ್ರಮಾಣದಲ್ಲಿಯೂ ಗುರುತಿಸಬಲ್ಲದು. ದಶಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ವಾಸನೆ ತಿಳಿಯುತ್ತದೆ. ಆದರೆ ಕೆಲವು ನಿಮಿಷಗಳಲ್ಲಿ ಮೂಗು ಅದಕ್ಕೆ ಒಗ್ಗಿಕೊಂಡು ಗ್ರಹಿಸುವುದನ್ನು ಕಡಿಮೆ ಮಾಡುತ್ತದೆ. ಚಾಲಕನಿಗೆ ಅರಿವಿಗೆ ಬಾರದ ವಾಸನೆ ಆಗತಾನೇ ಕಾರು ಹತ್ತಿದವರಿಗೆ ತಟ್ಟನೆ ತಿಳಿಯುವುದು ಇದರಿಂದಲೇ. ವಾಸನೆ ಕಡಿಮೆಯಾಯಿತು ಎಂಬ ಅನುಭವ ಸೋರಿಕೆ ನಿಂತಿದೆ ಎಂಬುದಕ್ಕೆ ಸಾಕ್ಷ್ಯವಾಗುವುದಿಲ್ಲ.

ಹಿನ್ನೆಲೆ

ಆರಂಭಿಕ ಕಾರುಗಳಲ್ಲಿ ಇಂಧನ ಟ್ಯಾಂಕ್ ಮತ್ತು ಕಾರ್ಬ್ಯುರೇಟರ್ ನೇರವಾಗಿ ವಾತಾವರಣಕ್ಕೆ ತೆರೆದುಕೊಂಡಿರುತ್ತಿದ್ದವು. ಬಿಸಿಲಿನಲ್ಲಿ ನಿಂತ ಕಾರಿನಿಂದ ಆವಿ ಹೊರಹೋಗುವುದನ್ನು ದೋಷವೆಂದು ಯಾರೂ ಪರಿಗಣಿಸುತ್ತಿರಲಿಲ್ಲ. 1950ರ ದಶಕದ ಆರಂಭದಲ್ಲಿ ಏರಿ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿಯು ಲಾಸ್ ಏಂಜಲೀಸ್ ನಗರದ ಹೊಗೆಮಂಜಿಗೆ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ವರ್ತಿಸುವುದೇ ಕಾರಣವೆಂದು ತೋರಿಸಿದ ಮೇಲೆ ಈ ದೃಷ್ಟಿ ಬದಲಾಯಿತು. ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಗಳಿಂದಲೂ ಅಮೆರಿಕದಾದ್ಯಂತ 1971ರ ಮಾದರಿಗಳಿಂದಲೂ ಇಂಧನದ ಆವಿಯನ್ನು ಹಿಡಿದಿಡುವ ವ್ಯವಸ್ಥೆ ಕಡ್ಡಾಯವಾಯಿತು. ಇದರಲ್ಲಿ ಟ್ಯಾಂಕಿನ ಆವಿಯು ಸಕ್ರಿಯ ಇದ್ದಿಲು ತುಂಬಿದ ಡಬ್ಬಿಯಲ್ಲಿ (ಚಾರ್ಕೋಲ್ ಕ್ಯಾನಿಸ್ಟರ್) ಹೀರಲ್ಪಟ್ಟು, ಬಳಿಕ ಪರ್ಜ್ ವಾಲ್ವ್ ಮೂಲಕ ಎಂಜಿನ್ನಿಗೆ ಹೋಗಿ ಉರಿಯುತ್ತದೆ.

ಭಾರತದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಹಿಂದೂಸ್ತಾನ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಾಗೂ 1983ರಲ್ಲಿ ಬಂದ ಮಾರುತಿ 800 ಕಾರುಗಳ ಆರಂಭದ ಮಾದರಿಗಳು ಕಾರ್ಬ್ಯುರೇಟರ್ ಬಳಸುತ್ತಿದ್ದವು. 2000ದ ಆಸುಪಾಸಿನಲ್ಲಿ ಹೊರಸೂಸುವಿಕೆಯ ನಿಯಮಗಳು ಬಿಗಿಯಾದಂತೆ ಪೆಟ್ರೋಲ್ ಕಾರುಗಳು ಎಂಪಿಎಫ್‌ಐ ಎಂದು ಕರೆಯಲಾಗುವ ಬಹುಬಿಂದು ಇಂಧನ ಚಿಮ್ಮುವಿಕೆಗೆ ಬದಲಾದವು. ಯಾವ ವ್ಯವಸ್ಥೆಯ ಕಾರು ಎಂಬುದನ್ನು ಅವಲಂಬಿಸಿ ಪತ್ತೆಯ ಹಾದಿಯೂ ಭಿನ್ನವಾಗುತ್ತದೆ. ಕಾರ್ಬ್ಯುರೇಟರ್ ಕಾರುಗಳಲ್ಲಿ ಇಂಧನದ ಒತ್ತಡ ಸುಮಾರು 0.2ರಿಂದ 0.4 ಬಾರ್ ಮಾತ್ರ. ಎಂಪಿಎಫ್‌ಐ ಕಾರುಗಳಲ್ಲಿ ಅದು 3 ಬಾರ್‌ನಷ್ಟಿರುವುದರಿಂದ ಸೂಜಿಮೊನೆಯಷ್ಟು ಬಿರುಕಿನಿಂದಲೂ ಇಂಧನ ಸಿಂಪರಣೆಯಂತೆ ಹೊರಚಿಮ್ಮಬಹುದು.

ವಾಸನೆ ಬಂದು ಹೋಗಲು ಕಾರಣಗಳು

ಬಿಟ್ಟು ಬಿಟ್ಟು ಬರುವ ವಾಸನೆಯನ್ನು ಮುಖ್ಯವಾಗಿ ನಾಲ್ಕು ಅಂಶಗಳು ನಿಯಂತ್ರಿಸುತ್ತವೆ.

ಟ್ಯಾಂಕಿನ ಮಟ್ಟ: ಟ್ಯಾಂಕಿನ ಮೇಲ್ಭಾಗದಲ್ಲಿರುವ ಗೇಜ್ ಘಟಕದ ರಬ್ಬರ್ ವಾಷರ್, ಇಂಧನ ತುಂಬುವ ಕೊಳವೆ ಮತ್ತು ಗಾಳಿ ಹೊರಬಿಡುವ ಬ್ರೀದರ್ ಪೈಪುಗಳು ಟ್ಯಾಂಕ್ ತುಂಬಿದಾಗ ಮಾತ್ರ ಇಂಧನದ ಸಂಪರ್ಕಕ್ಕೆ ಬರುತ್ತವೆ. ಇಲ್ಲಿ ಬಿರುಕಿದ್ದರೆ ಟ್ಯಾಂಕ್ ತುಂಬಿಸಿದ ದಿನ ವಾಸನೆ ಬಂದು, ಮಟ್ಟ ಇಳಿದಂತೆ ತಾನಾಗಿ ನಿಲ್ಲುತ್ತದೆ.

ಉಷ್ಣತೆ: ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.1ರಷ್ಟು ಹಿಗ್ಗುತ್ತದೆ. ಭೂಗತ ಸಂಗ್ರಹಾಗಾರದಿಂದ ಬಂದ ತಂಪಾದ 40 ಲೀಟರ್ ಪೆಟ್ರೋಲ್ ಬಿಸಿಲಿನಲ್ಲಿ 15 ಡಿಗ್ರಿ ಬಿಸಿಯಾದರೆ ಅದರ ಗಾತ್ರ ಅರ್ಧ ಲೀಟರ್‌ಗಿಂತ ಹೆಚ್ಚಾಗುತ್ತದೆ. ಕುತ್ತಿಗೆಯವರೆಗೆ ತುಂಬಿಸಿದ ಟ್ಯಾಂಕಿನಲ್ಲಿ ಅದಕ್ಕೆ ಸ್ಥಳವಿಲ್ಲದೆ ಮುಚ್ಚಳ ಅಥವಾ ಬ್ರೀದರ್ ಮೂಲಕ ಹೊರಬರುತ್ತದೆ. ಇದಕ್ಕೆ ವಿರುದ್ಧವಾಗಿ, ವಯಸ್ಸಾದ ರಬ್ಬರ್ ಚಳಿಯಲ್ಲಿ ಗಡುಸಾಗಿ ಕುಗ್ಗುವುದರಿಂದ ಕೆಲವು ಸೋರಿಕೆಗಳು ಮುಂಜಾನೆ ಮಾತ್ರ ಕಾಣಿಸಿಕೊಂಡು, ಎಂಜಿನ್ ಬಿಸಿಯಾದೊಡನೆ ಮುಚ್ಚಿಕೊಳ್ಳುತ್ತವೆ. ಸೋರಿದ ಇಂಧನವೂ ಅಷ್ಟರಲ್ಲಿ ಆರಿಹೋಗಿರುತ್ತದೆ.

ಒತ್ತಡ: ಪಂಪ್ ಕೆಲಸ ಮಾಡುವಾಗ ಮಾತ್ರ ಎಂಜಿನ್ ಕಡೆಗೆ ಹೋಗುವ ಪೈಪುಗಳಲ್ಲಿ ಪೂರ್ಣ ಒತ್ತಡ ಇರುತ್ತದೆ. ನಿಲ್ಲಿಸಿದ ಕಾರಿನಲ್ಲಿ ಒಣಗಿರುವ ಕೂಡು ಚಾಲನೆಯಲ್ಲಿ ಒದ್ದೆಯಾಗಬಹುದು.

ಚಲನೆ ಮತ್ತು ಗಾಳಿಯ ಹರಿವು: ತಿರುವುಗಳಲ್ಲಿ ಇಂಧನ ಟ್ಯಾಂಕಿನ ಒಂದು ಬದಿಗೆ ವಾಲುತ್ತದೆ. ಓಡುವ ಕಾರಿನ ಹಿಂದೆ ಕಡಿಮೆ ಒತ್ತಡದ ವಲಯ ಉಂಟಾಗುವುದರಿಂದ, ಕಿಟಕಿ ತೆರೆದಿದ್ದು ಡಿಕ್ಕಿಯ ರಬ್ಬರ್ ಬೀಡಿಂಗ್ ಸವೆದಿದ್ದರೆ ಹಿಂಬದಿಯ ಆವಿ ಮತ್ತು ಹೊಗೆ ಒಳಗೆ ಸೆಳೆಯಲ್ಪಡುತ್ತವೆ. ವೇಗ ಹೆಚ್ಚಾದಾಗ ಬಾನೆಟ್ ಒಳಗಿನ ವಾಸನೆ ಚದುರಿ, ಸಿಗ್ನಲ್‌ನಲ್ಲಿ ನಿಂತಾಗ ಮುಂಭಾಗದ ಗಾಳಿಕಿಂಡಿಯ ಮೂಲಕ ಒಳಬರುವುದೂ ಸಾಮಾನ್ಯ.

ಸಾಮಾನ್ಯ ಮೂಲಗಳು

ಟ್ಯಾಂಕ್ ಮತ್ತು ತುಂಬುವ ಕೊಳವೆ

ಇಂಧನ ಮುಚ್ಚಳದ ಒಳಗಿನ ರಬ್ಬರ್ ವಾಷರ್ ಒಣಗಿ ಬಿರಿಯುವುದು ಅತಿ ಸಾಮಾನ್ಯವೂ ಅತಿ ಅಗ್ಗದಲ್ಲಿ ಸರಿಪಡಿಸಬಹುದಾದದ್ದೂ ಆದ ದೋಷ. ತುಂಬುವ ಲೋಹದ ಕುತ್ತಿಗೆಯನ್ನು ಟ್ಯಾಂಕಿಗೆ ಜೋಡಿಸುವ ದಪ್ಪ ರಬ್ಬರ್ ಹೋಸ್ ಮೇಲಿನಿಂದ ಸರಿಯಾಗಿ ಕಂಡರೂ ಕೆಳಬದಿಯಲ್ಲಿ ಬಿರುಕು ಬಿಟ್ಟಿರಬಹುದು. ಟ್ಯಾಂಕಿನ ಬೆಸುಗೆಯ ಅಂಚು ಮತ್ತು ಅದನ್ನು ಹಿಡಿದಿರುವ ಪಟ್ಟಿಗಳ ಅಡಿಯಲ್ಲಿ ಮಣ್ಣು, ತೇವ ಸೇರಿ ತುಕ್ಕು ಹಿಡಿಯುತ್ತದೆ. ಕರಾವಳಿಯ ಉಪ್ಪುಗಾಳಿ ಮತ್ತು ಮಳೆ ಹೆಚ್ಚಿರುವ ಪ್ರದೇಶಗಳಲ್ಲಿ ಇದು ಬೇಗ ಸಂಭವಿಸುತ್ತದೆ.

ಕೆಲವು ಹಳೆಯ ಕಾರುಗಳಲ್ಲಿ ಟ್ಯಾಂಕ್ ಇರುವ ಸ್ಥಳವೇ ವಾಸನೆಗೆ ದಾರಿ ಮಾಡಿಕೊಡುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಟ್ಯಾಂಕ್ ಮುಂಭಾಗದಲ್ಲಿಯೂ ಎಂಜಿನ್ ಹಿಂಭಾಗದಲ್ಲಿಯೂ ಇವೆ. ಅದರ ಹಿಂದಿನ ಮಾದರಿಗಳಲ್ಲಿ ಪೆಟ್ರೋಲ್ ತುಂಬಲು ಮುಂದಿನ ಬಾನೆಟ್ಟನ್ನೇ ತೆರೆಯಬೇಕಿತ್ತು. ಹಳೆಯ ಮಿನಿ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳಲ್ಲಿ ಟ್ಯಾಂಕ್ ಡಿಕ್ಕಿಯ ಒಳಗೇ ಇರುವುದರಿಂದ ಸಣ್ಣ ಸೋರಿಕೆಯೂ ಪ್ರಯಾಣಿಕರ ಭಾಗಕ್ಕೆ ತಲಪುತ್ತದೆ.

ಪೈಪುಗಳು ಮತ್ತು ರಬ್ಬರ್ ಹೋಸ್

ಕಾರಿನ ಅಡಿಭಾಗದಲ್ಲಿ ಸಾಗುವ ಲೋಹದ ಪೈಪುಗಳು ಕ್ಲಿಪ್‌ಗಳ ಕೆಳಗೆ ತುಕ್ಕು ಹಿಡಿಯುತ್ತವೆ. ರಬ್ಬರ್ ಹೋಸ್‌ಗಳು ಎಂಜಿನ್ ಶಾಖದಿಂದ ಗಡುಸಾಗಿ ತುದಿಗಳಲ್ಲಿ ಸೀಳುತ್ತವೆ. ಬಟ್ಟೆಯ ಹೊದಿಕೆಯಿರುವ ಹೋಸ್‌ಗಳಲ್ಲಿ ಒಳಗಿನ ಬಿರುಕು ಹೊರಗೆ ಕಾಣುವುದಿಲ್ಲ. ಇಂಧನವು ಹೊದಿಕೆಯ ಎಳೆಗಳಲ್ಲಿ ಹರಡಿ ಹನಿಯಾಗದೆ ಆವಿಯಾಗುತ್ತದೆ. ಬಹಳ ಕಾಲ ನಿಲ್ಲಿಸಿಟ್ಟ ಕಾರುಗಳಲ್ಲಿ ಇಲಿ, ಹೆಗ್ಗಣಗಳು ಹೋಸ್ ಕಡಿಯುವುದೂ ಸಾಮಾನ್ಯವಾಗಿದೆ.

ಇಂಧನ ಪಂಪ್

ಹಳೆಯ ಕಾರುಗಳ ಯಾಂತ್ರಿಕ ಪಂಪಿನಲ್ಲಿ ರಬ್ಬರ್ ಲೇಪಿತ ಬಟ್ಟೆಯ ಡಯಾಫ್ರಮ್ ಇರುತ್ತದೆ. ಅದು ಹರಿದರೆ ಇಂಧನವು ಪಂಪಿನ ಸಣ್ಣ ರಂಧ್ರದಿಂದ ಹೊರಗೆ ತೊಟ್ಟಿಕ್ಕಬಹುದು ಅಥವಾ ಎಂಜಿನ್ ಆಯಿಲ್‌ಗೆ ಸೇರಬಹುದು. ಎರಡನೆಯದು ಹೆಚ್ಚು ಹಾನಿಕರ. ಹೊರಗೆ ಯಾವ ಗುರುತೂ ಇಲ್ಲದೆ ಆಯಿಲ್ ತೆಳುವಾಗಿ ಬೇರಿಂಗ್‌ಗಳು ಸವೆಯುತ್ತವೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿರುವುದು ಮತ್ತು ಅದಕ್ಕೆ ಪೆಟ್ರೋಲ್ ವಾಸನೆ ಇರುವುದು ಇದರ ಲಕ್ಷಣ.

ಕಾರ್ಬ್ಯುರೇಟರ್

ಕಾರ್ಬ್ಯುರೇಟರ್‌ನ ಫ್ಲೋಟ್ ಬಟ್ಟಲಿನಲ್ಲಿ ಇಂಧನದ ಮಟ್ಟವನ್ನು ಫ್ಲೋಟ್ ಮತ್ತು ನೀಡಲ್ ವಾಲ್ವ್ ಕಾಪಾಡುತ್ತವೆ. ನೀಡಲ್ ತುದಿ ಸವೆದರೆ, ಅದರ ಕೆಳಗೆ ಕಸದ ಕಣ ಸಿಲುಕಿದರೆ ಅಥವಾ ಫ್ಲೋಟ್ ತೂತಾಗಿ ಮುಳುಗಿದರೆ ಬಟ್ಟಲು ಉಕ್ಕುತ್ತದೆ. ಕಸದ ಕಣ ಕೆಲವೊಮ್ಮೆ ಮಾತ್ರ ಸಿಲುಕಿ ಮತ್ತೆ ಕೊಚ್ಚಿಹೋಗುವುದರಿಂದ ಈ ದೋಷ ತಿಂಗಳಿಗೊಮ್ಮೆ ಕಾಣಿಸಿಕೊಳ್ಳಲೂಬಹುದು.

ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿದಾಗ ತಂಪಿನ ನೀರು ಮತ್ತು ಗಾಳಿಯ ಹರಿವು ನಿಂತು ಎಂಜಿನ್ನಿನ ಶಾಖ ಕಾರ್ಬ್ಯುರೇಟರ್‌ಗೆ ಏರುತ್ತದೆ. ಬಟ್ಟಲಿನ ಇಂಧನ ಕುದಿದು ಜೆಟ್‌ಗಳ ಮೂಲಕ ಮ್ಯಾನಿಫೋಲ್ಡ್‌ಗೆ ಇಳಿಯುತ್ತದೆ. ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಬರುವ ವಾಸನೆ ಮತ್ತು ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ತೊಡಕು, ಇವೆರಡೂ ಒಟ್ಟಿಗೆ ಕಂಡುಬಂದರೆ ಈ ಕಾರಣವನ್ನು ಶಂಕಿಸಲಾಗುತ್ತದೆ. ಬಟ್ಟಲು ವಾತಾವರಣಕ್ಕೆ ತೆರೆದಿರುವ ಹಳೆಯ ವಿನ್ಯಾಸಗಳಲ್ಲಿ ಇದು ಸ್ವಲ್ಪ ಮಟ್ಟಿಗೆ ಸಹಜ. ಆದರೆ ಕಾರ್ಬ್ಯುರೇಟರ್ ಕೆಳಗಿನ ಶಾಖನಿರೋಧಕ ತುಂಡು ಕಾಣೆಯಾಗಿರುವುದು ಅಥವಾ ಪೈಪು ಎಂಜಿನ್ನಿಗೆ ತಾಗಿರುವುದು ಅದನ್ನು ಹೆಚ್ಚಿಸುತ್ತದೆ.

ಎಂಪಿಎಫ್‌ಐ ಭಾಗಗಳು

ಇಂಜೆಕ್ಟರ್‌ಗಳ ಓ-ರಿಂಗ್, ಫ್ಯುಯೆಲ್ ರೈಲ್ ಕೂಡುಗಳು ಮತ್ತು ಒತ್ತಡ ನಿಯಂತ್ರಕ ಇಲ್ಲಿನ ಪ್ರಮುಖ ಶಂಕಿತ ಭಾಗಗಳು. ಎಂಜಿನ್ ಮೇಲಿರುವ ಒತ್ತಡ ನಿಯಂತ್ರಕದ ನಿರ್ವಾತ ಪೈಪನ್ನು ಕಳಚಿದಾಗ ಅದರೊಳಗೆ ಪೆಟ್ರೋಲ್ ಇದ್ದರೆ ಡಯಾಫ್ರಮ್ ಹರಿದಿದೆ ಎಂದರ್ಥ. ಚಾರ್ಕೋಲ್ ಕ್ಯಾನಿಸ್ಟರ್ ಒಡೆದಿರುವುದು, ಅದರ ಪೈಪು ಕಳಚಿರುವುದು ಅಥವಾ ಪರ್ಜ್ ವಾಲ್ವ್ ಅಂಟಿಕೊಂಡಿರುವುದೂ ವಾಸನೆಗೆ ಕಾರಣ. ಬಂಕಿನಲ್ಲಿ ನಳಿಗೆ ತಾನಾಗಿ ನಿಂತ ಮೇಲೂ ಒತ್ತಿ ತುಂಬಿಸುವ ರೂಢಿಯಿಂದ ದ್ರವ ಪೆಟ್ರೋಲ್ ಕ್ಯಾನಿಸ್ಟರ್‌ಗೆ ಸೇರಿ ಇದ್ದಿಲು ನಿರುಪಯುಕ್ತವಾಗುತ್ತದೆ.

ಸೈಲೆನ್ಸರ್ ಮೂಲಕ ಬರುವ ವಾಸನೆ

ಎಲ್ಲ ಪೆಟ್ರೋಲ್ ವಾಸನೆಯೂ ಸೋರಿಕೆಯಲ್ಲ. ಚೋಕ್ ಸಿಲುಕಿದಾಗ, ಏರ್ ಫಿಲ್ಟರ್ ಕಟ್ಟಿದಾಗ ಅಥವಾ ಸ್ಪಾರ್ಕ್ ಪ್ಲಗ್ ಕಿಡಿ ತಪ್ಪಿದಾಗ ಉರಿಯದ ಇಂಧನ ಸೈಲೆನ್ಸರ್ ಮೂಲಕ ಹೊರಬರುತ್ತದೆ. ಈ ವಾಸನೆ ಕಾರಿನ ಒಳಗೆ ಬರುತ್ತಿದ್ದರೆ ಅದರೊಂದಿಗೆ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತಿರಬಹುದು. ಆ ಅನಿಲಕ್ಕೆ ತನ್ನದೇ ಆದ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದಿರುವುದರಿಂದ ಈ ವಾಸನೆಯೇ ಏಕೈಕ ಎಚ್ಚರಿಕೆಯಾಗಿರುತ್ತದೆ.

ಪತ್ತೆಯ ಕ್ರಮ

ದಾಖಲೆ

ಮೊದಲ ಹಂತ ಭಾಗಗಳನ್ನು ಬಿಚ್ಚುವುದಲ್ಲ, ವಾಸನೆ ಬಂದ ಸಂದರ್ಭಗಳನ್ನು ಬರೆದಿಡುವುದು. ದಿನದ ಹೊತ್ತು, ಟ್ಯಾಂಕಿನ ಮಟ್ಟ, ಎಂಜಿನ್ ತಂಪೋ ಬಿಸಿಯೋ, ಕಿಟಕಿ ತೆರೆದಿತ್ತೋ ಇಲ್ಲವೋ ಎಂಬುದನ್ನು ಕೆಲವು ಸಲ ಗುರುತಿಸಿದರೆ ಶಂಕಿತ ಭಾಗಗಳ ಪಟ್ಟಿ ಚಿಕ್ಕದಾಗುತ್ತದೆ. ವಾಸನೆ ತೀವ್ರವಾಗಿದ್ದರೆ ಅಥವಾ ಹನಿ ಕಂಡರೆ ಈ ಹಂತಕ್ಕೆ ಕಾಯದೆ ಕಾರಿನ ಬಳಕೆಯನ್ನು ನಿಲ್ಲಿಸಬೇಕಾಗುತ್ತದೆ.

• ಟ್ಯಾಂಕ್ ತುಂಬಿಸಿದ ಬಳಿಕ ಮಾತ್ರ: ಮುಚ್ಚಳ, ತುಂಬುವ ಹೋಸ್, ಬ್ರೀದರ್, ಗೇಜ್ ಘಟಕದ ವಾಷರ್, ಕ್ಯಾನಿಸ್ಟರ್.
• ತಂಪಾದ ಎಂಜಿನ್ ಸ್ಟಾರ್ಟ್ ಮಾಡಿದಾಗ: ಗಡುಸಾದ ಹೋಸ್ ತುದಿಗಳು, ಇಂಜೆಕ್ಟರ್ ಓ-ರಿಂಗ್, ಚೋಕ್.
• ಬಿಸಿ ಎಂಜಿನ್ ನಿಲ್ಲಿಸಿದ ಬಳಿಕ: ಕಾರ್ಬ್ಯುರೇಟರ್ ಕುದಿತ, ನೀಡಲ್ ವಾಲ್ವ್, ಸೋರುವ ಇಂಜೆಕ್ಟರ್.
• ತಿರುವುಗಳಲ್ಲಿ: ಟ್ಯಾಂಕಿನ ಮೇಲ್ಭಾಗದ ಒಂದು ಬದಿಯ ಕೂಡುಗಳು, ಫ್ಲೋಟ್ ಬಟ್ಟಲು.
• ಕಿಟಕಿ ತೆರೆದು ಓಡಿಸುವಾಗ: ಸೈಲೆನ್ಸರ್ ಹೊಗೆ, ಡಿಕ್ಕಿಯ ಬೀಡಿಂಗ್, ಹಿಂಬದಿಯ ಪೈಪುಗಳು.
• ಸಿಗ್ನಲ್‌ನಲ್ಲಿ ನಿಂತಾಗ: ಬಾನೆಟ್ ಒಳಗಿನ ಸೋರಿಕೆ.

ವಲಯ ವಿಂಗಡಣೆ

ಎಂಜಿನ್ ತಂಪಾದ ಮೇಲೆ ಕಾರನ್ನು ಗಾಳಿಯಾಡುವ ಜಾಗದಲ್ಲಿ ಮುಚ್ಚಿ ನಿಲ್ಲಿಸಿ, ಕೆಲವು ಗಂಟೆಗಳ ಬಳಿಕ ಬಾನೆಟ್, ಒಳಭಾಗ ಮತ್ತು ಡಿಕ್ಕಿಯನ್ನು ಒಂದೊಂದಾಗಿ ತೆರೆದು ವಾಸನೆಯನ್ನು ಹೋಲಿಸಲಾಗುತ್ತದೆ. ಮೂಗು ಒಗ್ಗಿಕೊಳ್ಳುವುದರಿಂದ ಪ್ರತಿ ಪರೀಕ್ಷೆಯ ನಡುವೆ ದೂರ ಹೋಗಿ ಹೊರಗಾಳಿ ಸೇವಿಸಬೇಕಾಗುತ್ತದೆ. ಪೆಟ್ರೋಲ್ ಕ್ಯಾನ್, ಒರೆಸುವ ಬಟ್ಟೆ, ಥಿನ್ನರ್ ಮೊದಲಾದವು ಡಿಕ್ಕಿಯಲ್ಲಿ ಇಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳುವುದು ವ್ಯರ್ಥ ಶ್ರಮವನ್ನು ತಪ್ಪಿಸುತ್ತದೆ.

ಕಣ್ಣಿನ ಪರೀಕ್ಷೆ

ಪೆಟ್ರೋಲ್ ಆರಿದರೂ ಗುರುತನ್ನು ಬಿಡುತ್ತದೆ. ಸೋರಿದ ಜಾಗದ ಧೂಳು ತೊಳೆದಂತೆ ಸ್ವಚ್ಛವಾಗಿರುತ್ತದೆ ಅಥವಾ ಅಲ್ಲಿ ಕಂದು ಬಣ್ಣದ ಅಂಟಿನ ಕಲೆ ಇರುತ್ತದೆ. ಕೂಡುಗಳನ್ನು ಒರೆಸಿ ಬಿಳಿಯ ಕಾಗದ ಅಥವಾ ಟಾಲ್ಕಂ ಪೌಡರ್ ಹಾಕಿ, ಮುಂದಿನ ಸಲ ವಾಸನೆ ಬಂದಾಗ ಅದು ಒದ್ದೆಯಾಗಿದೆಯೇ ಎಂದು ನೋಡಲಾಗುತ್ತದೆ. ಕಾಗದವನ್ನಾಗಲಿ ಪೌಡರನ್ನಾಗಲಿ ಎಗ್ಸಾಸ್ಟ್ ಅಥವಾ ತಿರುಗುವ ಭಾಗಗಳ ಬಳಿ ಬಿಡಬಾರದು. ಹೋಸ್‌ಗಳನ್ನು ಬಾಗಿಸಿದಾಗ ಬಿರುಕು ತೆರೆದುಕೊಂಡರೆ ಸೋರಿಕೆ ಕಾಣದಿದ್ದರೂ ಅವುಗಳನ್ನು ಬದಲಿಸಬೇಕಾಗುತ್ತದೆ.

ಉಪಕರಣಗಳ ಬಳಕೆ

ಎಂಪಿಎಫ್‌ಐ ಕಾರುಗಳಲ್ಲಿ ಒತ್ತಡದ ಗೇಜ್ ಜೋಡಿಸಿ, ಎಂಜಿನ್ ನಿಲ್ಲಿಸಿದ ಬಳಿಕ ಒತ್ತಡ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಳೆಯಲಾಗುತ್ತದೆ. ಒತ್ತಡ ಬೇಗ ಇಳಿದರೆ ಇಂಜೆಕ್ಟರ್, ನಿಯಂತ್ರಕ, ಪಂಪಿನ ಹಿಮ್ಮುಖ ತಡೆ ವಾಲ್ವ್ ಅಥವಾ ಹೊರಗಿನ ಸೋರಿಕೆ ಇದೆ ಎಂದು ತಿಳಿಯುತ್ತದೆ. ಆವಿಯ ವ್ಯವಸ್ಥೆಗೆ ಜಡ ಅನಿಲದೊಂದಿಗೆ ಹೊಗೆ ತುಂಬಿಸಿ ಅದು ಹೊರಬರುವ ಜಾಗವನ್ನು ನೋಡುವ ಯಂತ್ರಗಳೂ, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣಗಳೂ ಬಳಕೆಯಲ್ಲಿವೆ. ಹೈಡ್ರೋಕಾರ್ಬನ್ ಅಳೆಯುವ ಅನಿಲ ವಿಶ್ಲೇಷಕದ ನಳಿಗೆಯನ್ನು ಪೈಪುಗಳ ಉದ್ದಕ್ಕೂ ಸರಿಸಿ, ಪ್ರಮಾಣ ಏರುವ ಸ್ಥಳವನ್ನು ಗುರುತಿಸಬಹುದು. ಭಾರತದಲ್ಲಿ ವಾಹನಗಳ ಮಾಲಿನ್ಯ ತಪಾಸಣೆಯಲ್ಲಿ ಸೈಲೆನ್ಸರ್ ಹೊಗೆಯನ್ನು ಅಳೆಯಲು ಇಂತಹ ಉಪಕರಣವೇ ಬಳಕೆಯಾಗುತ್ತದೆ. ದ್ರವ ಪೆಟ್ರೋಲನ್ನು ಹೀರಿದರೆ ಉಪಕರಣ ಕೆಡುವುದರಿಂದ ನಳಿಗೆಯನ್ನು ಒದ್ದೆ ಜಾಗಕ್ಕೆ ತಾಗಿಸುವುದಿಲ್ಲ.

ಎಥೆನಾಲ್ ಮಿಶ್ರಿತ ಇಂಧನದ ಪ್ರಭಾವ

ಶೇ. 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ ಚಾಲನೆ ನೀಡಲಾಯಿತು. ಎಥೆನಾಲ್ ಕೆಲವು ಬಗೆಯ ಹಳೆಯ ರಬ್ಬರ್ ಮತ್ತು ಪ್ಲಾಸ್ಟಿಕ್‌ಗಳನ್ನು ಉಬ್ಬಿಸಿ ಮೆದುವಾಗಿಸುತ್ತದೆ. ಅದು ನೀರನ್ನು ಹೀರಿಕೊಳ್ಳುವುದರಿಂದ ಬಹಳ ಕಾಲ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಮತ್ತು ಎಥೆನಾಲ್ ಬೇರ್ಪಟ್ಟು ತಳದಲ್ಲಿ ನಿಂತು ಲೋಹವನ್ನು ಸವೆಸಬಹುದು. ಎಥೆನಾಲ್ ಬಳಕೆಯನ್ನು ಗಮನದಲ್ಲಿಟ್ಟುಕೊಳ್ಳದೆ ತಯಾರಾದ ಹಳೆಯ ಕಾರುಗಳಲ್ಲಿ ಹೋಸ್, ಡಯಾಫ್ರಮ್ ಮತ್ತು ವಾಷರ್‌ಗಳನ್ನು ಎಥೆನಾಲ್ ತಾಳಬಲ್ಲ ವಸ್ತುಗಳಿಂದ ತಯಾರಿಸಿದವುಗಳಿಗೆ ಬದಲಾಯಿಸುವುದು ಸೂಕ್ತ. ಆದರೆ ವಾಸನೆ ಬಂದ ಕೂಡಲೇ ಇಂಧನವನ್ನೇ ಕಾರಣವೆಂದು ನಿರ್ಧರಿಸುವುದು ಸರಿಯಲ್ಲ. ವಯಸ್ಸು ಮತ್ತು ಶಾಖದಿಂದಲೂ ರಬ್ಬರ್ ಇದೇ ಬಗೆಯಲ್ಲಿ ಕೆಡುತ್ತದೆ.

ಆರೋಗ್ಯ ಮತ್ತು ಸುರಕ್ಷತೆ

ಪೆಟ್ರೋಲ್ ಆವಿಯ ಸೇವನೆಯಿಂದ ತಲೆನೋವು, ತಲೆಸುತ್ತು, ವಾಕರಿಕೆ ಮತ್ತು ಕಣ್ಣುರಿ ಉಂಟಾಗುತ್ತವೆ. ಪೆಟ್ರೋಲಿನಲ್ಲಿರುವ ಬೆಂಜೀನನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿ ಸೇರಿಸಿದೆ. ಬಾಯಿಂದ ಎಳೆದು ಟ್ಯಾಂಕಿನಿಂದ ಪೆಟ್ರೋಲ್ ತೆಗೆಯುವ ರೂಢಿಯೂ ಅಪಾಯಕರ. ಅದು ಶ್ವಾಸಕೋಶಕ್ಕೆ ಸೇರಿದರೆ ತೀವ್ರ ಉರಿಯೂತ ಉಂಟಾಗುತ್ತದೆ.

ಪತ್ತೆಯ ಕೆಲಸವನ್ನು ತೆರೆದ ಜಾಗದಲ್ಲಿ, ಬೆಂಕಿ, ಸಿಗರೇಟು ಮತ್ತು ಕಿಡಿ ಹಾರಿಸುವ ಉಪಕರಣಗಳಿಂದ ದೂರವಾಗಿ ನಡೆಸಬೇಕಾಗುತ್ತದೆ. ಬಿದ್ದರೆ ಒಡೆಯುವ ಬಿಸಿ ಬಲ್ಬಿನ ದೀಪಕ್ಕಿಂತ ಎಲ್‌ಇಡಿ ಟಾರ್ಚ್ ಸುರಕ್ಷಿತ. ಮುಚ್ಚಿದ ಶೆಡ್‌ನಲ್ಲಿ ದಟ್ಟವಾದ ವಾಸನೆ ಇದ್ದರೆ ಸ್ವಿಚ್ ಹಾಕುವುದು, ಕಾರು ಸ್ಟಾರ್ಟ್ ಮಾಡುವುದು, ಬ್ಯಾಟರಿ ತಂತಿ ಕಳಚುವುದು ಇವೆಲ್ಲವೂ ಕಿಡಿಗೆ ಕಾರಣವಾಗುವುದರಿಂದ ಮೊದಲು ಬಾಗಿಲು ತೆರೆದು ಗಾಳಿಯಾಡಲು ಬಿಡಲಾಗುತ್ತದೆ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಇಂಧನ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಆದ್ದರಿಂದ ಒಣ ಪುಡಿಯ ಅಗ್ನಿಶಾಮಕವನ್ನು ಹತ್ತಿರದಲ್ಲಿ ಇಟ್ಟುಕೊಳ್ಳಬೇಕು.

ದುರಸ್ತಿ ಮತ್ತು ಮರುಪರಿಶೀಲನೆ

ಹಳೆಯ ಕಾರಿನಲ್ಲಿ ಒಂದು ಹೋಸ್ ಬಿರಿದಿದ್ದರೆ ಅದೇ ಕಾಲದ ಉಳಿದವೂ ಅದೇ ಸ್ಥಿತಿಯಲ್ಲಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಅವುಗಳನ್ನು ಒಟ್ಟಿಗೆ ಬದಲಿಸಲಾಗುತ್ತದೆ. ಕಾರ್ಬ್ಯುರೇಟರ್‌ಗೆ ಬಳಸುವ ಕಡಿಮೆ ಒತ್ತಡದ ಹೋಸನ್ನು ಎಂಪಿಎಫ್‌ಐ ವ್ಯವಸ್ಥೆಗೆ ಬಳಸಿದರೆ ಅದು ಒಡೆಯಬಹುದು. ಎಗ್ಸಾಸ್ಟ್ ಬಳಿ ಸಾಗುವ ಹೋಸ್‌ಗಳಿಗೆ ಅಂತರ ಮತ್ತು ರಕ್ಷಾಕವಚ ಅಗತ್ಯ. ಅಂಟು ಮತ್ತು ಸೀಲಂಟ್‌ಗಳು ತಾತ್ಕಾಲಿಕ ಉಪಾಯ ಮಾತ್ರ.

ಟ್ಯಾಂಕಿಗೆ ಬೆಸುಗೆ ಹಾಕಿಸುವುದು ಈ ದುರಸ್ತಿಗಳಲ್ಲೆಲ್ಲ ಅತ್ಯಂತ ಅಪಾಯದ ಕೆಲಸ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನಲ್ಲಿ ಆವಿ ಮತ್ತು ಗಾಳಿಯ ಸ್ಫೋಟಕ ಮಿಶ್ರಣಕ್ಕೆ ಹೆಚ್ಚು ಅವಕಾಶವಿರುತ್ತದೆ. ಪೆಟ್ರೋಲ್ ಸುರಿದುಹಾಕಿದ ಮಾತ್ರಕ್ಕೆ ಟ್ಯಾಂಕ್ ಸುರಕ್ಷಿತವಾಗುವುದಿಲ್ಲ. ಅದನ್ನು ಪೂರ್ಣವಾಗಿ ತೊಳೆದು ಆವಿರಹಿತಗೊಳಿಸಬಲ್ಲ ಅನುಭವಿಗಳಿಂದಲೇ ಈ ಕೆಲಸ ಮಾಡಿಸಬೇಕಾಗುತ್ತದೆ. ತುಕ್ಕು ಹೆಚ್ಚಿದ್ದರೆ ಟ್ಯಾಂಕನ್ನೇ ಬದಲಿಸುವುದು ಉತ್ತಮ.

ದುರಸ್ತಿಯ ಯಶಸ್ಸನ್ನು ವಾಸನೆ ಮೊದಲು ಬರುತ್ತಿದ್ದ ಸ್ಥಿತಿಯಲ್ಲಿಯೇ ಪರೀಕ್ಷಿಸಬೇಕಾಗುತ್ತದೆ. ಟ್ಯಾಂಕ್ ತುಂಬಿದಾಗ ಬರುತ್ತಿದ್ದ ವಾಸನೆಯನ್ನು ಅರ್ಧ ಟ್ಯಾಂಕಿನಲ್ಲಿ ಪರೀಕ್ಷಿಸಿ ನಿಂತಿದೆ ಎನ್ನುವುದರಲ್ಲಿ ಅರ್ಥವಿಲ್ಲ. ಡಿಕ್ಕಿಯ ಬೀಡಿಂಗ್, ಎಂಜಿನ್ ಮತ್ತು ಒಳಭಾಗದ ನಡುವಿನ ತಗಡಿನಲ್ಲಿ ತಂತಿಗಳು ಹಾಯುವ ರಂಧ್ರಗಳ ರಬ್ಬರ್ ಇವುಗಳನ್ನು ಸರಿಪಡಿಸಿದರೆ ಆವಿ ಒಳಬರುವುದು ನಿಲ್ಲುತ್ತದೆ. ಆದರೆ ಮೂಲ ಸೋರಿಕೆಯನ್ನು ಸರಿಪಡಿಸದೆ ಇವುಗಳನ್ನಷ್ಟೇ ಮುಚ್ಚಿದರೆ ಅಪಾಯ ಉಳಿದು, ಅದನ್ನು ತಿಳಿಸುತ್ತಿದ್ದ ವಾಸನೆ ಮಾತ್ರ ಇಲ್ಲವಾಗುತ್ತದೆ.